ಬಿಚ್ಚುವ ಮೊದಲು ಬರೆದಿಟ್ಟುಕೊಳ್ಳಿ: ‘ಫ್ರಾಂಕೆನ್‌ಸ್ಟೈನ್’ ಪುಸ್ತಕವನ್ನೂ ಸಿನಿಮಾವನ್ನೂ ಜೊತೆಗಿಟ್ಟು ನೋಡುವ ಬಗೆ

ತೀರ್ಥಹಳ್ಳಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ತೋಟದ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಮಿಷನ್ನಿನ ಮೋಟಾರು, ಹಿಟ್ಟಿನ ಗಿರಣಿಯದ್ದು, ಸುಟ್ಟದ್ದು ಏನಿದ್ದರೂ ನನ್ನ ಬಾಗಿಲಿಗೆ ಬರುತ್ತದೆ. ಫೆಬ್ರವರಿಯಿಂದ ಮೇವರೆಗೆ ಊಟಕ್ಕೂ ಪುರುಸೊತ್ತಿಲ್ಲ. ಆರಿದ್ರೆ ಮಳೆ ಹಿಡಿದ ಮೇಲೆ ತೋಟಕ್ಕೆ ನೀರು ಹಾಯಿಸುವವರು ಯಾರಿದ್ದಾರೆ? ಅಂಗಡಿಯಲ್ಲಿ ನಾನು, ವಾರ್ನಿಷ್ ವಾಸನೆ, ಬಾಗಿಲ ಮೂಲೆಯಲ್ಲಿ ನೀರು ತೊಟ್ಟಿಕ್ಕುವ ಕೊಡೆ. ಆಗ ಓದುತ್ತೇನೆ. ಕನ್ನಡ ಮೀಡಿಯಂ, ಆಮೇಲೆ ಐಟಿಐ. ಹಾಗಾಗಿ ಇಂಗ್ಲಿಷ್ ಪುಸ್ತಕವಾದರೆ ಮೊಬೈಲಿನಲ್ಲಿ ನಿಘಂಟು ತೆರೆದಿಟ್ಟುಕೊಂಡು ದಿನಕ್ಕೆ ಐದಾರು ಪುಟ, ಅಷ್ಟೇ.

ಹೋದ ವರ್ಷ ಆಷಾಢದಲ್ಲಿ ತಂಗಿ ಮಗಳು ಶಿವಮೊಗ್ಗದಿಂದ ಶನಿವಾರದ ಬಸ್ಸಿಗೆ ಬಂದಿಳಿದಳು. ಬಿ.ಎ. ಎರಡನೇ ವರ್ಷ, ಇಂಗ್ಲಿಷ್ ಸಾಹಿತ್ಯ. ಮಂಡಗದ್ದೆ ದಾಟುವಾಗ ಬಸ್ಸಿನ ಕಿಟಕಿ ಸೋರಿ ಅವಳ ಬ್ಯಾಗು ನೆನೆದಿತ್ತು. ಒಳಗಿದ್ದ ಅಸೈನ್‌ಮೆಂಟ್ ಹಾಳೆಗಳ ನೀಲಿ ಶಾಯಿಯೆಲ್ಲ ಹರಡಿ, ನೆಟ್ಟಗೆ ಓದುವ ಹಾಗೆ ಉಳಿದದ್ದು ಮೇಷ್ಟ್ರು ಕೆಂಪು ಬಾಲ್‌ಪೆನ್ನಿನಲ್ಲಿ ಅಂಚಿಗೆ ಬರೆದ ಒಂದೇ ಪದ: ‘ಆದ್ದರಿಂದ?’

‘ಮಾವ, 27 ವ್ಯತ್ಯಾಸ ಹುಡುಕಿ ಬರೆದಿದ್ದೇನೆ. ಇನ್ನೆಂತ ಬೇಕಂತೆ ಅವರಿಗೆ?’

ಹಾಳೆಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಹರವಿ ಒಣಗಿಸಿ ಓದಿದೆ. ಕಾದಂಬರಿಯಲ್ಲಿ ನಾಯಕನ ಹೆಸರು ವಿಕ್ಟರ್, ಸಿನಿಮಾದಲ್ಲಿ ಹೆನ್ರಿ. ಕಾದಂಬರಿಯಲ್ಲಿ ಗೂನುಬೆನ್ನಿನ ಸಹಾಯಕ ಇಲ್ಲ, ಸಿನಿಮಾದಲ್ಲಿ ಇದ್ದಾನೆ. ಕಾದಂಬರಿ ಮುಗಿಯುವುದು ಹಿಮದಲ್ಲಿ, ಸಿನಿಮಾ ಮುಗಿಯುವುದು ಬೆಂಕಿ ಬಿದ್ದ ಗಾಳಿಗಿರಣಿಯಲ್ಲಿ. ಒಂದೂ ತಪ್ಪಿಲ್ಲ. ಆದರೆ ಮೋಟಾರು ಯಾಕೆ ಸುಟ್ಟಿತು ಅಂತ ಕೇಳಿದ ಗಿರಾಕಿಗೆ ‘ಬೇರಿಂಗ್ ಎರಡು, ಫ್ಯಾನ್ ಒಂದು, ಬೋಲ್ಟ್ ನಾಲ್ಕು’ ಎಂದು ಬಿಚ್ಚಿದ ಸಾಮಾನಿನ ಪಟ್ಟಿ ಕೊಟ್ಟ ಹಾಗಿತ್ತು.

ಆ ಎರಡು ದಿನ ನಾವಿಬ್ಬರೂ ಕೂತು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿರುವುದು ಬೇರೆ ಭಯಾನಕ ಕಾದಂಬರಿಯಾದರೂ ದಾರಿ ಇದೇ. ಉದಾಹರಣೆ ಮಾತ್ರ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಮತ್ತು ಜೇಮ್ಸ್ ವೇಲ್ ನಿರ್ದೇಶಿಸಿದ 1931ರ ಸಿನಿಮಾ. ಇನ್ನೊಂದು ಮಾತು, ಮೊದಲೇ ಹೇಳಿಬಿಡುತ್ತೇನೆ: ಫ್ರಾಂಕೆನ್‌ಸ್ಟೈನ್ ಎನ್ನುವುದು ಸತ್ತ ದೇಹಗಳ ಅಂಗಾಂಗ ಜೋಡಿಸಿ, ಜೀವ ಬರಿಸಿ ಒಬ್ಬನನ್ನು ಮಾಡಿದವನ ಹೆಸರು. ಮಾಡಲ್ಪಟ್ಟವನಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. ನಾನು ಅವನನ್ನು ‘ಜೀವಿ’ ಎನ್ನುತ್ತೇನೆ.

ಬಿಚ್ಚುವ ಮೊದಲು

ಸುಟ್ಟ ಮೋಟಾರು ಬಂದರೆ ಹಳೇ ಕಾಯಿಲ್ ಕತ್ತರಿಸುವ ಮೊದಲು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಸ್ಟೇಟರಿನಲ್ಲಿ ಎಷ್ಟು ಸ್ಲಾಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು, ಕನೆಕ್ಷನ್ ಸ್ಟಾರೋ ಡೆಲ್ಟಾನೋ. ಕತ್ತರಿಸಿದ ಮೇಲೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಒಂದು 5 ಎಚ್‌ಪಿ ಮೋಟಾರನ್ನು ಲೆಕ್ಕ ಹಾಕದೆ ಬಿಚ್ಚಿ, ಅಂದಾಜಿನ ಮೇಲೆ ಸುತ್ತಿದೆ. ತಿರುಗಿತು. ಎಂಟನೇ ದಿನ ಹೊಗೆ ಬಂತು. ಎರಡನೇ ಸಲದ ತಾಮ್ರದ ಖರ್ಚು ನನ್ನದೇ.

ಸಿನಿಮಾ ಮೊದಲು ನೋಡಿ ಪುಸ್ತಕ ಆಮೇಲೆ ಓದಿದರೂ ಇದೇ ಕಥೆ. ನಾನು ಮಾಡಿದ್ದೂ ಹಾಗೆಯೇ. ಹುಡುಗನಾಗಿದ್ದಾಗ ಪೇಟೆಯಲ್ಲಿ ಯಾರದೋ ಮನೆಯ ವಿಸಿಆರಿನಲ್ಲಿ ಸಿನಿಮಾ ನೋಡಿದ್ದೆ. ವರ್ಷಗಟ್ಟಲೆ ಆದಮೇಲೆ ಪುಸ್ತಕ ಹಿಡಿದರೆ ಪುಟ ಪುಟದಲ್ಲೂ ಸಿನಿಮಾದಲ್ಲಿ ಜೀವಿಯ ಪಾತ್ರ ಮಾಡಿದ ಬೋರಿಸ್ ಕಾರ್ಲಾಫನ ಚಪ್ಪಟೆ ತಲೆ, ಕತ್ತಿನ ಎರಡು ಪಕ್ಕದ ಬೋಲ್ಟು. ಪುಸ್ತಕದಲ್ಲಿ ಬೋಲ್ಟೂ ಇಲ್ಲ, ಚಪ್ಪಟೆ ತಲೆಯೂ ಇಲ್ಲ. ಅವೆಲ್ಲ ಜಾಕ್ ಪಿಯರ್ಸ್ ಎಂಬ ಮೇಕಪ್ ಕಲಾವಿದನ ಕೈಚಳಕ. ಮೇರಿ ಶೆಲ್ಲಿ ಬರೆದ ಜೀವಿಗೆ ಎಂಟಡಿ ಎತ್ತರ, ಹೊಳೆಯುವ ಕಪ್ಪು ನೀಳಕೂದಲು, ಮುತ್ತಿನಂಥ ಬಿಳಿ ಹಲ್ಲು. ಅದರ ಜೊತೆಗೆ ಒಳಗಿನ ಸ್ನಾಯು, ರಕ್ತನಾಳ ಕಾಣುವಷ್ಟು ತೆಳು ಹಳದಿ ಚರ್ಮ, ನೀರು ತುಂಬಿದ ಮಾಸಲು ಕಣ್ಣು, ಕಪ್ಪು ತುಟಿ. ಚಂದದ್ದನ್ನೇ ಆರಿಸಿ ಆರಿಸಿ ಜೋಡಿಸಿದ್ದ ವಿಕ್ಟರ್. ಜೋಡಿಸಿದ ಮೇಲೆ ನೋಡಿದರೆ ನೋಡಲಾಗುತ್ತಿಲ್ಲ. ಈ ಹೆದರಿಕೆಯೇ ಬೇರೆ. ಮೊದಲ ಓದಿನಲ್ಲಿ ಕಾರ್ಲಾಫ್ ಅಡ್ಡ ನಿಂತಿದ್ದರಿಂದ ನನಗೆ ಅದು ಕಾಣಿಸಲೇ ಇಲ್ಲ.

ಹಾಗಾಗಿ ಪುಸ್ತಕ ಮೊದಲು. ಓದಿ ಮುಗಿಸಿದ ರಾತ್ರಿಯೇ, ಸಿನಿಮಾ ಹಾಕುವ ಮೊದಲು, ಅರ್ಧ ಪುಟ ಬರೆಯಿರಿ: ಆ ಮುಖ ನಿಮಗೆ ಹೇಗೆ ಕಂಡಿತು, ದನಿ ಹೇಗೆ ಕೇಳಿತು, ಎಲ್ಲಿ ಓದು ನಿಲ್ಲಿಸಿ ಲೈಟು ಹಾಕಿದಿರಿ, ಯಾರ ಮೇಲೆ ಸಿಟ್ಟು ಬಂತು. ನಿಮ್ಮ ಪುಸ್ತಕ ಅದು. ಸಿನಿಮಾ ನೋಡಿದ ಮರುದಿನ ಅದು ನಿಮ್ಮ ತಲೆಯಲ್ಲಿ ಇರುವುದಿಲ್ಲ. ಸಿನಿಮಾ ಆಗಲೇ ನೋಡಿದ್ದರೆ ಉಲ್ಟಾ ಮಾಡಿ. ಸಿನಿಮಾದ ಮುಖವನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡು, ಪುಸ್ತಕ ಓದುತ್ತಾ ಅಲ್ಲಿ ಇಲ್ಲದ್ದನ್ನು ಒಂದೊಂದಾಗಿ ಹೊಡೆದುಹಾಕಿ. ನಾನು ಎರಡನೇ ಓದಿನಲ್ಲಿ ಹಾಗೆ ಮಾಡಿದೆ. ಬೋಲ್ಟು ಹೊಡೆದುಹಾಕುವಾಗ ಮಾತ್ರ ಸ್ವಲ್ಪ ಬೇಜಾರಾಯಿತು, ಟರ್ಮಿನಲ್ ನೋಡಿದರೆ ನನಗೆ ಖುಷಿ.

ಯಾವ ಪುಸ್ತಕ, ಯಾವ ಪ್ರಿಂಟು

ಈ ಕಾದಂಬರಿ ಎರಡಿದೆ. 1818ರ ಜನವರಿಯಲ್ಲಿ ಲಂಡನ್ನಿನಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟವಾಗಿ ಬಂದದ್ದು ಒಂದು. 1831ರಲ್ಲಿ ಅವಳೇ ತಿದ್ದಿ, ತಾನು ಇದನ್ನು ಬರೆದದ್ದು ಹೇಗೆಂದು ಮುನ್ನುಡಿ ಸೇರಿಸಿದ್ದು ಇನ್ನೊಂದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಅಂತರ್ಜಾಲದಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ನಿಮ್ಮ ಕೈಯಲ್ಲಿರುವುದು ಯಾವುದೆಂದು ಕಂಡುಹಿಡಿಯುವುದು ಸುಲಭ. ಅಧ್ಯಾಯಗಳು 1ರಿಂದ 24ರವರೆಗೆ ಒಂದೇ ಸಾಲಿನಲ್ಲಿದ್ದರೆ 1831ರದ್ದು. ಸಂಪುಟಕ್ಕೊಮ್ಮೆ ಮತ್ತೆ ಒಂದರಿಂದ ಶುರುವಾದರೆ 1818ರದ್ದು.

ಅದಕ್ಕಿಂತ ಸ್ವಾರಸ್ಯದ ಪರೀಕ್ಷೆ ವಿಕ್ಟರ್ ಮದುವೆಯಾಗುವ ಎಲಿಜಬೆತ್. 1818ರಲ್ಲಿ ಅವಳು ವಿಕ್ಟರನ ಸೋದರತ್ತೆ ಮಗಳು. 1831ರಲ್ಲಿ ಅವಳನ್ನು ಇಟಲಿಯ ಕೋಮೋ ಸರೋವರದ ಬಳಿಯ ಬಡವರ ಮನೆಯಿಂದ ತಂದು ಸಾಕಿದ್ದಾರೆ, ರಕ್ತಸಂಬಂಧ ಇಲ್ಲ. ಇದನ್ನು ಓದಿದಾಗ ನಮ್ಮ ಹುಡುಗಿ ‘ಅತ್ತೆ ಮಗಳಾದ್ರೆ ಎಂತ ತೊಂದ್ರೆ ಇತ್ತು? ನಮ್ಮಲ್ಲಿ ಅರ್ಧ ಮದುವೆ ಹಾಗೇ’ ಅಂದಳು. ನಕ್ಕೆವು. ಆದರೆ ನೋಡಿ, ಬರೆದವಳೇ 13 ವರ್ಷದಲ್ಲಿ ತನ್ನ ಕಥೆ ಬದಲಾಯಿಸಿದ್ದಾಳೆ. ‘ಸಿನಿಮಾದವರು ಮೂಲವನ್ನು ಕೆಡಿಸಿದರು’ ಎಂದು ಬರೆಯಲು ಕೈ ಎತ್ತಿದಾಗ ಯಾವ ಮೂಲ ಅಂತ ಒಂದು ಸಲ ಕೇಳಿಕೊಳ್ಳಬೇಕು.

ಸಿನಿಮಾ 70 ನಿಮಿಷದ ಆಚೆ ಈಚೆ. ಅದರಲ್ಲೂ ಕತ್ತರಿ ಬಿದ್ದ ಪ್ರಿಂಟು, ಬೀಳದ ಪ್ರಿಂಟು ಇವೆ. ಕೆರೆಯ ದಂಡೆಯ ದೃಶ್ಯ ಪೂರ್ತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯವನ್ನು ನಮ್ಮ ಹುಡುಗಿಯ ಪಟ್ಟಿ ಪೂರಾ ಬಿಟ್ಟಿತ್ತು. ಸಿನಿಮಾದ ಟೈಟಲ್ ಕಾರ್ಡು ನಿಲ್ಲಿಸಿ ಓದಿ. ಪೆಗ್ಗಿ ವೆಬ್ಲಿಂಗ್ ಎಂಬಾಕೆಯ ನಾಟಕದಿಂದ ಎಂದು ಅಲ್ಲೇ ಇದೆ. ಮೇರಿ ಶೆಲ್ಲಿಯ ಹೆಸರು ‘ಶ್ರೀಮತಿ ಪರ್ಸಿ ಬಿ. ಶೆಲ್ಲಿ’ ಎಂದಿದೆ, ಗಂಡನ ಹೆಸರಿನ ಸೆರಗು ಹಿಡಿದುಕೊಂಡು. ಇನ್ನೂ ಹಿಂದೆ ಹೋದರೆ, 1823ರಲ್ಲೇ ಲಂಡನ್ನಿನಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಬರೆದ ನಾಟಕ ಆಡಿದ್ದಾರೆ, ಮೇರಿ ಹೋಗಿ ನೋಡಿಕೊಂಡೂ ಬಂದಿದ್ದಾಳೆ. ಫ್ರಿಟ್ಜ್ ಎಂಬ ಸಹಾಯಕ ಹುಟ್ಟಿದ್ದು ಆ ನಾಟಕದಲ್ಲಿ. ಜೀವಿಯ ಬಾಯಿಯಿಂದ ಮಾತು ಕಿತ್ತುಕೊಂಡದ್ದೂ ಆ ನಾಟಕವೇ. ಅಂದರೆ ಈ ಸಿನಿಮಾ ಕಾದಂಬರಿಯ ಮಗನಲ್ಲ, ಮರಿಮಗ. ಮೂಗು ಯಾರದ್ದು, ಕಿವಿ ಯಾರದ್ದು ಅಂತ ಹೇಳುವ ಮುಂಚೆ ನಡುವಿನ ತಲೆಮಾರು ಕೇಳಿಕೊಳ್ಳಿ.

ಹೂಂಗುಟ್ಟುವವರು ಯಾರು

ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಮಿಷನ್ ಬರುವ ಮೊದಲು ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಗ್ಯಾಸ್‌ಲೈಟಿನ ಸುಯ್ ಶಬ್ದ, ಕೈಗೆಲ್ಲ ಚೊಗರು. ನಿದ್ದೆ ಬರಬಾರದೆಂದು ಯಾರಾದರೂ ಕಥೆ ಎತ್ತಬೇಕು, ದೆವ್ವದ್ದಾದರೆ ಇನ್ನೂ ಒಳ್ಳೆಯದು. ಹೇಳುವವನು ಎಂದೂ ‘ನಾನು ಕಂಡೆ’ ಅನ್ನುತ್ತಿರಲಿಲ್ಲ. ‘ನಮ್ಮಜ್ಜ ಹೇಳಿದ್ದು. ಅಜ್ಜನಿಗೆ ಹೇಳಿದವನು ಆಗುಂಬೆ ಘಾಟಿಯಲ್ಲಿ ಗಾಡಿ ಹೊಡೀತಿದ್ದವನು. ಅವನಿಗೆ ಚೌಡಿ ಬನದ ಹತ್ರ ಸಿಕ್ಕಿದ ಹೆಂಗಸು ಹೇಳಿದ್ದೇನಪ್ಪಾ ಅಂದ್ರೆ...’ ಹೀಗೆ ಒಂದರೊಳಗೊಂದು ಬಾಯಿ. ಸಾಲಿನಲ್ಲಿ ಒಬ್ಬ ‘ಹೂಂ’ ಅನ್ನುತ್ತಿರಲೇಬೇಕು. ಅವನ ಹೂಂ ಸಡಿಲವಾದರೆ ಕಥೆಯೂ ಸಡಿಲ.

ಮೇರಿ ಶೆಲ್ಲಿಯ ಪುಸ್ತಕ ಕಟ್ಟಿರುವುದು ಹೀಗೆಯೇ. ವಾಲ್ಟನ್ ಎಂಬ ಹಡಗಿನ ನಾಯಕ ಉತ್ತರ ಧ್ರುವದ ಹಿಮದಲ್ಲಿ ಸಿಕ್ಕಿಕೊಂಡು ತಂಗಿ–ಅಕ್ಕ ಯಾರೋ ಒಬ್ಬಳು, ಇಂಗ್ಲೆಂಡಿನಲ್ಲಿರುವ ಒಡಹುಟ್ಟಿದ ಮಾರ್ಗರೆಟ್‌ಗೆ ಪತ್ರ ಬರೆಯುತ್ತಾನೆ. ಪತ್ರದೊಳಗೆ ವಿಕ್ಟರ್ ಹೇಳುವ ಕಥೆ. ವಿಕ್ಟರನ ಕಥೆಯೊಳಗೆ, 1831ರ ಪುಸ್ತಕದಲ್ಲಿ 11ರಿಂದ 16ನೇ ಅಧ್ಯಾಯದವರೆಗೆ, ಜೀವಿ ತಾನೇ ಹೇಳಿಕೊಳ್ಳುವ ಕಥೆ. ಅದರೊಳಗೂ ಒಂದು ಸಂಸಾರದ ಕಥೆ: ಕಾಡಿನ ಗುಡಿಸಲಿನ ಕುರುಡು ಮುದುಕ, ಅವನ ಮಕ್ಕಳು. ಗೋಡೆಯ ಸಂದಿಯಿಂದ ಅವರನ್ನು ನೋಡಿ ನೋಡಿಯೇ ಜೀವಿ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ, ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಓದಿ ತನ್ನನ್ನು ಅದರಲ್ಲಿ ಹುಡುಕಿಕೊಳ್ಳುತ್ತದೆ. ಹೂಂಗುಟ್ಟಬೇಕಾದವರು ಯಾರು? ಜೀವಿಗೆ ವಿಕ್ಟರ್, ವಿಕ್ಟರನಿಗೆ ವಾಲ್ಟನ್, ವಾಲ್ಟನನಿಗೆ ಆ ಮಾರ್ಗರೆಟ್, ಅವಳ ಪಕ್ಕದಲ್ಲಿ ನಾವು.

ಈಗ ಸಿನಿಮಾ ಹಾಕಿ. ಪರದೆಯ ಹಿಂದಿನಿಂದ ಒಬ್ಬರು ಬಂದು, ಹೆದರುವವರು ಎಚ್ಚರ ಅಂತ ಎರಡು ಮಾತಾಡಿ ಹೋಗುತ್ತಾರೆ. ಯಕ್ಷಗಾನದ ಭಾಗವತರ ಹಾಗೆ ಆಟ ಮುಗಿಯುವವರೆಗೆ ಕೂರುವುದಿಲ್ಲ. ಆಮೇಲೆ ಕಥೆ ಹೇಳುವವರೇ ಇಲ್ಲ, ಎಲ್ಲವನ್ನೂ ನಾವೇ ಕಣ್ಣಾರೆ ಕಾಣುತ್ತೇವೆ. ಜೀವಿಯೂ ಮಾತಾಡುವುದಿಲ್ಲ, ಗುರುಗುಟ್ಟುತ್ತದೆ. ಇದು ಆದದ್ದು ಯಾವಾಗ ನೋಡಿ: ಸಿನಿಮಾಕ್ಕೆ ಆಗಷ್ಟೇ ಬಾಯಿ ಬಂದಿತ್ತು. ನಮ್ಮಲ್ಲಿ ‘ಆಲಂ ಆರಾ’ ಬಂದದ್ದೂ ಅದೇ 1931ರಲ್ಲಿ. ಊರೆಲ್ಲ ಮಾತಾಡಲು ಶುರುಮಾಡಿದಾಗ ಈ ಒಂದು ಜೀವಿಗೆ ಮಾತ್ರ ಮಾತಿಲ್ಲ. ಆರಂಭದ ಪಾತ್ರಪಟ್ಟಿಯಲ್ಲಿ ಅದರ ಎದುರು ನಟನ ಹೆಸರೂ ಇಲ್ಲ, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಕಾರ್ಲಾಫನ ಹೆಸರು ಬರುವುದು ಕೊನೆಗೆ.

ಹುಡುಗಿಯ 27 ವ್ಯತ್ಯಾಸಗಳಲ್ಲಿ ಇದು 19ನೆಯದಾಗಿತ್ತು. ‘ಇದನ್ನ ಒಂದನೇದು ಮಾಡು, ಉಳಿದ ಎಷ್ಟು ಇದರ ಕೆಳಗೆ ಬರ್ತವೆ ನೋಡು’ ಅಂದೆ. ಮಾತಿಲ್ಲದ ಜೀವಿಗೆ ಕುರುಡು ಮುದುಕನ ಗುಡಿಸಲು ಬೇಡ. ಗುಡಿಸಲು ಇಲ್ಲದಿದ್ದರೆ ಪುಸ್ತಕಗಳೂ ಬೇಡ. ವಾದ ಮಾಡಲು ಬಾರದ್ದರಿಂದ ‘ನನಗೊಂದು ಜೊತೆ ಮಾಡಿಕೊಡು’ ಎಂಬ ಬೇಡಿಕೆಯೂ ಇಲ್ಲ. ಕೆಟ್ಟದ್ದಕ್ಕೆ ಕಾರಣ ಅದರ ಬಾಯಿಂದ ಕೇಳುವ ಹಾಗಿಲ್ಲವಾದ್ದರಿಂದ ಬೇರೆ ಕಾರಣ ಬೇಕು. ಅದಕ್ಕೇ ಫ್ರಿಟ್ಜ್ ವೈದ್ಯಕೀಯ ಕಾಲೇಜಿನಿಂದ ಕೊಲೆಗಡುಕನ ಮಿದುಳು ಕದ್ದು ತರುತ್ತಾನೆ. ಹನ್ನೊಂದು ವ್ಯತ್ಯಾಸ ಒಂದೇ ಗೂಟಕ್ಕೆ ಕಟ್ಟಿಸಿಕೊಂಡವು. ಉಳಿದವುಗಳಲ್ಲಿ ಹೆಸರು ಅದಲುಬದಲಾದಂಥವನ್ನು ಕೈಬಿಟ್ಟೆವು. ಯಾವುದನ್ನು ಎಳೆದರೆ ಹತ್ತು ಜೊತೆಗೆ ಬರುತ್ತವೋ ಅಂಥ ಒಂದನ್ನು ನೀವೂ ಹುಡುಕಬೇಕು.

ಕರೆಂಟಿನ ವಿಷಯ

ಇನ್ನು ಒಂದೆರಡು ದೃಶ್ಯ ಆರಿಸಿಕೊಂಡು ಹತ್ತಿರದಿಂದ ನೋಡುವುದು. ಇಡೀ ಪುಸ್ತಕ, ಇಡೀ ಸಿನಿಮಾ ಹೋಲಿಸಲು ಹೋದರೆ ಮಾತು ತೆಳುವಾಗುತ್ತದೆ. ಹತ್ತು ನಿಮಿಷದ ದೃಶ್ಯಕ್ಕೆ ಎದುರಾಗಿ ಪುಸ್ತಕದ ಎರಡು ಪುಟ, ಅಷ್ಟು ಸಾಕು.

ಜೀವ ಬರುವ ರಾತ್ರಿಯನ್ನು ಎಲ್ಲರೂ ಆರಿಸುತ್ತಾರೆ, ನಾನೂ ಆರಿಸಿದೆ, ವೃತ್ತಿಯ ಚಪಲ. ನಿಧಾನಕ್ಕೆ ಓದುವ ನನ್ನಂಥವನಿಗೂ ಪುಸ್ತಕದ ಆ ಜಾಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ನವೆಂಬರಿನ ಮಂಕು ರಾತ್ರಿ, ಗಂಟೆ ಒಂದು, ಕಿಟಕಿಯ ಗಾಜಿಗೆ ಮಳೆ ಹೊಡೆಯುತ್ತಿದೆ, ಮೇಣದಬತ್ತಿ ಮುಗಿಯುತ್ತ ಬಂದಿದೆ. ಜೀವಿಯ ಮಾಸಲು ಹಳದಿ ಕಣ್ಣು ತೆರೆಯಿತು. ಅಷ್ಟೇ. ಯಾವ ಯಂತ್ರ, ಎಷ್ಟು ವೋಲ್ಟು, ಏನೂ ಇಲ್ಲ. ಒಂದು ‘ಕಿಡಿ’ಯ ಮಾತಿದೆ. ಗುಟ್ಟು ಹೇಳಿದರೆ ನೀನೂ ನನ್ನ ಹಾಗೆ ಹಾಳಾಗುತ್ತೀಯ ಎಂದು ವಿಕ್ಟರ್ ವಾಲ್ಟನನಿಗೂ ಹೇಳುವುದಿಲ್ಲ.

ಸಿನಿಮಾದಲ್ಲಿ ಗುಡುಗು, ಮಿಂಚು, ಮಾಡಿನ ತೆರಪಿನವರೆಗೆ ಸರಪಳಿಯಲ್ಲಿ ಏರುವ ಮೇಜು, ಸುತ್ತ ಕಿಡಿ ಕಾರುವ ಯಂತ್ರಗಳು. ಅವನ್ನು ಮಾಡಿದವನು ಕೆನೆತ್ ಸ್ಟ್ರಿಕ್‌ಫೇಡನ್. ನಾಟಕದ ಸಾಮಾನಲ್ಲ, ನಿಜವಾದ ಹೈ ವೋಲ್ಟೇಜು. ಎರಡು ಸರಳಿನ ನಡುವೆ ಕಿಡಿ ಬುಡದಿಂದ ತುದಿಗೆ ಹತ್ತಿಕೊಂಡು ಹೋಗುವುದನ್ನು ನೋಡಿದರೆ ಈಗಲೂ ನನ್ನ ಕೈ ಮೇನ್ ಸ್ವಿಚ್ಚಿನ ಕಡೆ ಹೋಗುತ್ತದೆ.

‘ಪುಸ್ತಕದಲ್ಲಿ ಇಲ್ಲದ ಕರೆಂಟನ್ನ ಸಿನಿಮಾದವರು ತುರುಕಿದ್ರು’ ಅಂತ ಹುಡುಗಿ ಬರೆದಿದ್ದಳು. ಪೂರ್ತಿ ಸರಿಯಲ್ಲ. ವಿಕ್ಟರ್ ಹುಡುಗನಾಗಿದ್ದಾಗ ಮನೆ ಹತ್ತಿರದ ಓಕ್ ಮರಕ್ಕೆ ಸಿಡಿಲು ಬಡಿದು ಸೀಳುಸೀಳಾಗುವುದನ್ನು ನೋಡಿದ್ದಾನೆ. ಇಟಲಿಯ ವಿಜ್ಞಾನಿ ಗ್ಯಾಲ್ವನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಒದೆಸಿದ್ದು 1780ರ ದಶಕದಲ್ಲಿ. ಅವನ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನ ಹೆಣದ ಮೇಲೇ ಅದನ್ನು ಮಾಡಿ ತೋರಿಸಿದ್ದ. 1831ರ ಮುನ್ನುಡಿಯಲ್ಲಿ ಮೇರಿ ಈ ಗ್ಯಾಲ್ವನಿ ವಿದ್ಯೆಯ ಹೆಸರು ಎತ್ತುತ್ತಾಳೆ. ಬೀಜ ಪುಸ್ತಕದ್ದೇ. ಪುಸ್ತಕಕ್ಕೆ ‘ಹೇಳುವುದಿಲ್ಲ ಹೋಗು’ ಅನ್ನುವ ಅನುಕೂಲ ಇದೆ. ಕ್ಯಾಮೆರಾ ಮೇಜಿನ ಮುಂದೆ ನಿಂತ ಮೇಲೆ ಮೇಜಿನ ಮೇಲೆ ಏನಾದರೂ ಆಗಲೇಬೇಕು.

ಆದರೆ ಯಂತ್ರಗಳ ಗದ್ದಲದಲ್ಲಿ ತಪ್ಪಿಹೋಗುವ ಒಂದು ಸಣ್ಣ ವಸ್ತು ಇದೆ: ಕೈ. ಪುಸ್ತಕದಲ್ಲಿ ವಿಕ್ಟರ್ ಹೆದರಿ ಮಲಗುವ ಕೋಣೆಗೆ ಓಡಿಹೋಗಿ ಬಟ್ಟೆಯಲ್ಲೇ ಬಿದ್ದುಕೊಳ್ಳುತ್ತಾನೆ. ಎಚ್ಚರವಾದಾಗ ಮಂಚದ ಪರದೆ ಎತ್ತಿ ಹಿಡಿದು ಜೀವಿ ನೋಡುತ್ತಿದೆ. ಏನೋ ಅನ್ನಲು ಬಾಯಿ ತೆರೆಯುತ್ತದೆ, ಕೆನ್ನೆ ಸುಕ್ಕಾಗುವ ಹಾಗೆ ನಗುತ್ತದೆ, ಒಂದು ಕೈ ಚಾಚುತ್ತದೆ. ವಿಕ್ಟರ್ ಮೆಟ್ಟಿಲಿಳಿದು ಓಡುತ್ತಾನೆ. ಹುಟ್ಟಿ ಗಂಟೆ ಕಳೆಯದ ಕೂಸು ಕೈ ಚಾಚಿದೆ, ಅಪ್ಪ ಓಡಿದ್ದಾನೆ.

ಸಿನಿಮಾದಲ್ಲಿ ಹೆನ್ರಿ ಓಡುವುದಿಲ್ಲ. ಮೇಜಿನ ಮೇಲೆ ಬೆರಳು ಅಲುಗಿದ್ದು ಕಂಡು ಖುಷಿಯಿಂದ ಕಿರುಚುತ್ತಾನೆ. ಆಮೇಲೊಂದು ದಿನ ಜೀವಿಯನ್ನು ಕುರ್ಚಿಯಲ್ಲಿ ಕೂರಿಸಿ ಮಾಡಿನ ಬಾಗಿಲು ಸರಿಸುತ್ತಾನೆ. ಬೆಳಕು ಬೀಳುತ್ತದೆ. ಜೀವಿ ತಲೆಯೆತ್ತಿ ನೋಡಿ, ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಬೆಳಕನ್ನು ಹಿಡಿಯಲು ಹೋಗುತ್ತದೆ. ಹೆನ್ರಿ ಬಾಗಿಲು ಮುಚ್ಚಿಸುತ್ತಾನೆ. ಜೀವಿ ಖಾಲಿ ಕೈಯನ್ನು ಅವನ ಕಡೆ ಚಾಚುತ್ತದೆ.

ಭಾನುವಾರ ಸಂಜೆ ಇದನ್ನು ನೋಡುವಾಗ ನನ್ನ ಅಮ್ಮನೂ ಕಂಬಳಿ ಹೊದ್ದು ಪಕ್ಕದಲ್ಲೇ ಕೂತಿದ್ದರು. ಎಂಬತ್ತರ ಮೇಲೆ ವಯಸ್ಸು, ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲ. ‘ಅಯ್ಯೋ, ಆ ಬಾಗಿಲು ಒಂಚೂರು ತೆಗೆದಿಟ್ಟಿದ್ರೆ ಇವನ ಗಂಟು ಹೋಗ್ತಿತ್ತಾ?’ ಅಂದರು. ಹುಡುಗಿ ಸಿನಿಮಾ ನಿಲ್ಲಿಸಿ ನೋಟ್‌ಬುಕ್ ತೆಗೆದಳು. ‘ಎಂತ ಬರ್ಕೊಳ್ತಿ ಕೂಸೇ?’ ‘ನೀವು ಹೇಳಿದ್ದೇ ಅಜ್ಜಿ.’ ಆರು ಅಧ್ಯಾಯದ ಮಾತು ಎರಡು ಕೈಯಲ್ಲಿ ಬಂದಿತ್ತು. ಪುಸ್ತಕ ಓದದವರನ್ನು ಒಬ್ಬರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಾವು ಪುಸ್ತಕದಿಂದ ತುಂಬಿಕೊಳ್ಳುವುದು ಯಾವುದು, ಸಿನಿಮಾ ತಾನಾಗಿಯೇ ಕೊಡುವುದು ಯಾವುದು ಎಂದು ಆಗ ತಿಳಿಯುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಸೂಚನೆ. ಈ ಸಿನಿಮಾದಲ್ಲಿ ಆರಂಭ, ಕೊನೆ ಬಿಟ್ಟರೆ ಹಿನ್ನೆಲೆ ಸಂಗೀತವೇ ಇಲ್ಲವೆನ್ನಬೇಕು. ಅದರ ಹೆದರಿಕೆ ಇರುವುದೇ ಮೌನದಲ್ಲಿ, ಹೆಜ್ಜೆ ಸಪ್ಪಳದಲ್ಲಿ. ತಗಡಿನ ಮಾಡಿನ ಕೆಳಗೆ ಪುನರ್ವಸು ಮಳೆಯಲ್ಲಿ ಕೂತು ನೋಡಿದರೆ ಅದೆಲ್ಲ ಸತ್ತುಹೋಗುತ್ತದೆ. ಇಯರ್‌ಫೋನ್ ಹಾಕಿ, ಇಲ್ಲವೇ ಮಳೆ ಹೊಳವಾಗುವವರೆಗೆ ಕಾಯಿರಿ. ಪುಸ್ತಕಕ್ಕೆ ಮಾತ್ರ ಮಳೆ ಎಷ್ಟಿದ್ದರೂ ಸರಿ. ಅದು ಹುಟ್ಟಿದ್ದೇ ಮಳೆಯಲ್ಲಿ: 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಬೂದಿ, ಗಂಧಕದ ಮಬ್ಬು ಆಕಾಶ ಕವಿದು 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಕವಿ ಬೈರನ್, ಕವಿ ಪರ್ಸಿ ಶೆಲ್ಲಿ, ಮೇರಿ ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿಕೊಂಡರು. ಮೇರಿಗೆ ಆಗ 18 ವರ್ಷ, ನಮ್ಮ ಹುಡುಗಿಗಿಂತ ಒಂದು ಕಡಿಮೆ.

ನೀರಿನ ಹತ್ತಿರ

ಎರಡನೇ ದೃಶ್ಯ ಯಾರೂ ಆರಿಸದಂಥದ್ದಿರಲಿ. ನಮಗೆ ಸಿಕ್ಕಿದ್ದು ಪುಸ್ತಕದ 16ನೇ ಅಧ್ಯಾಯದ ಒಂದೇ ಪ್ಯಾರಾ.

ಜೀವಿ ಕಾಡಿನಲ್ಲಿ ಮರದ ಮರೆಯಲ್ಲಿ ಅಡಗಿದೆ. ಹೊಳೆಯ ಕಡಿದಾದ ದಂಡೆಯ ಮೇಲೆ ಹುಡುಗಿಯೊಬ್ಬಳು ಆಟಕ್ಕೆ ಯಾರಿಂದಲೋ ತಪ್ಪಿಸಿಕೊಂಡವಳ ಹಾಗೆ ನಗುತ್ತಾ ಓಡಿಬರುತ್ತಾಳೆ. ಕಾಲು ಜಾರಿ ಸೆಳವಿಗೆ ಬೀಳುತ್ತಾಳೆ. ಆಷಾಢದ ತುಂಗೆಯನ್ನು ಸೇತುವೆ ಮೇಲಿಂದ ನೋಡಿದವರಿಗೆ ಸೆಳವು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಜೀವಿ ಹಾರಿ, ಕಷ್ಟಪಟ್ಟು ಅವಳನ್ನು ದಡಕ್ಕೆ ಎಳೆದು, ಉಸಿರು ಬರಿಸಲು ನೋಡುತ್ತದೆ. ಅಷ್ಟರಲ್ಲಿ ಹಳ್ಳಿಯವನೊಬ್ಬ ಬಂದು ಹುಡುಗಿಯನ್ನು ಕಸಿದುಕೊಂಡು ಓಡುತ್ತಾನೆ. ಯಾಕೆಂದು ತಿಳಿಯದೆ ಇದೂ ಹಿಂದೆ ಹೋದರೆ ಕೋವಿ ಎತ್ತಿ ಹೊಡೆಯುತ್ತಾನೆ. ಮೂಳೆ ಪುಡಿಯಾಗುತ್ತದೆ. ಮನುಷ್ಯರ ಮೇಲೆ ಹಗೆ ತೀರಿಸುತ್ತೇನೆಂದು ಜೀವಿ ಶಪಥ ಮಾಡುವುದು ಆ ನೋವಿನಲ್ಲಿ.

ಸಿನಿಮಾದಲ್ಲಿಯೂ ಹುಡುಗಿ, ನೀರು, ಜೀವಿ. ಕೆರೆಯ ದಂಡೆಯಲ್ಲಿ ಮರಿಯಾ ಒಬ್ಬಳೇ ಆಡುತ್ತಿದ್ದಾಳೆ. ಜೀವಿಯನ್ನು ಕಂಡು ಹೆದರುವುದಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸುತ್ತಾಳೆ, ಹೂ ಕೊಡುತ್ತಾಳೆ. ಹೂವನ್ನು ನೀರಿಗೆಸೆದು ದೋಣಿಯ ಹಾಗೆ ತೇಲುವುದನ್ನು ತೋರಿಸುತ್ತಾಳೆ. ಜೀವಿಯ ಮುಖದಲ್ಲಿ ಇಡೀ ಸಿನಿಮಾದಲ್ಲಿ ಕಾಣದ ನಗು. ಕೈಯಲ್ಲಿದ್ದ ಹೂ ಖಾಲಿಯಾಗುತ್ತವೆ. ಖಾಲಿ ಕೈ ನೋಡಿಕೊಳ್ಳುತ್ತದೆ. ಮರಿಯಾಳ ಕಡೆ ನೋಡುತ್ತದೆ. ಅವಳನ್ನೆತ್ತಿ ನೀರಿಗೆ ಹಾಕುತ್ತದೆ, ತೇಲಲಿ ಎಂದು. ತೇಲಲಿಲ್ಲ. ಏನಾಯಿತೆಂದು ಅರ್ಥವಾಗದೆ ತಡವರಿಸುತ್ತಾ ಅಲ್ಲಿಂದ ಹೋಗುತ್ತದೆ.

ಕತ್ತರಿ ಬಿದ್ದದ್ದು ಇಲ್ಲಿ. ಹಳೇ ಪ್ರಿಂಟುಗಳಲ್ಲಿ ಜೀವಿ ಅವಳ ಕಡೆ ಕೈ ಚಾಚಿದ ಕೂಡಲೇ ದೃಶ್ಯ ಕಡಿದುಹೋಗುತ್ತದೆ. ಆಮೇಲೆ ನಾವು ನೋಡುವುದು ಹೆಣ ಎತ್ತಿಕೊಂಡು ಮದುವೆ ಸಂಭ್ರಮದ ಬೀದಿಯಲ್ಲಿ ನಡೆದುಬರುವ ಅಪ್ಪನನ್ನು. ನಡುವೆ ಏನಾಯಿತೆಂದು ನೋಡುವವರು ಊಹಿಸಿಕೊಳ್ಳಬೇಕು, ಊಹೆ ನಿಜಕ್ಕಿಂತ ಹೊಲಸಾಗಿರುತ್ತದೆ. ಮಕ್ಕಳ ಸಾವು ತೋರಿಸಬಾರದೆಂದು ಕತ್ತರಿಸಿ ಜೀವಿಯನ್ನು ಇನ್ನೂ ದೊಡ್ಡ ಪಾಪಿ ಮಾಡಿಟ್ಟರು. ತುಂಡು ಮತ್ತೆ ಸೇರಿದ್ದು 1980ರ ದಶಕದಲ್ಲಿ. ಯಾವ ಪ್ರಿಂಟು ನೋಡಿದಿರಿ ಎಂಬುದನ್ನು ಬರೆಯದೆ ಈ ದೃಶ್ಯದ ಬಗ್ಗೆ ತೀರ್ಪು ಕೊಡಬೇಡಿ. ವಿಸಿಆರಿನಲ್ಲಿ ನಾನು ನೋಡಿದ್ದು ಕತ್ತರಿಸಿದ್ದೇ ಇರಬೇಕು. ಮರಿಯಾ ಮುಳುಗಿದ್ದು ನನಗೆ ನೆನಪಿರಲಿಲ್ಲ, ಅಪ್ಪನ ನಡಿಗೆ ಮಾತ್ರ ನೆನಪಿತ್ತು.

ಇಲ್ಲಿ ನಮ್ಮಿಬ್ಬರಿಗೂ ಜಗಳ ಶುರುವಾಯಿತು. ಸಿನಿಮಾ ಗೆದ್ದಿತು ಅಂದೆ ನಾನು. ಪುಸ್ತಕದ ಜೀವಿ ಒಳ್ಳೆಯದು ಮಾಡಿ ಗುಂಡು ತಿಂದಿತು, ಅದರಲ್ಲಿ ನ್ಯಾಯ ಯಾರ ಕಡೆ ಎಂದು ಅನುಮಾನವೇ ಇಲ್ಲ. ಸಿನಿಮಾದ್ದು ಕೆಟ್ಟ ಮನಸ್ಸಿಲ್ಲದೆ ಕೊಂದಿತು, ಯಾರನ್ನು ಬೈಯುವುದು?

‘ಹಾಗಲ್ಲ ಮಾವ, ನೀವು ಒಂದೇ ಪ್ಯಾರಾ ಓದಿ ನಿಲ್ಲಿಸಿದ್ರಿ’ ಅಂದಳು. ಪುಟ ತಿರುವಿ ತೋರಿಸಿದಳು. ಅದೇ ಅಧ್ಯಾಯದಲ್ಲಿ, ಆ ಗಾಯ ಮಾಯ್ದ ಮೇಲೆ, ಜಿನೀವಾದ ಹತ್ತಿರ ಜೀವಿಗೆ ಒಬ್ಬ ಪುಟ್ಟ ಹುಡುಗ ಕಾಣುತ್ತಾನೆ. ಇಷ್ಟು ಸಣ್ಣವನಿಗೆ ಕುರೂಪಕ್ಕೆ ಅಸಹ್ಯಪಡಬೇಕೆಂಬುದು ಇನ್ನೂ ಗೊತ್ತಿರಲಿಕ್ಕಿಲ್ಲ, ಇವನನ್ನು ಸಾಕಿಕೊಂಡರೆ ಜೊತೆಯಾಗುತ್ತಾನೆ ಎಂದು ಆಸೆಯಿಂದ ಹಿಡಿಯುತ್ತದೆ. ಹುಡುಗ ಕಿರುಚಿ, ರಾಕ್ಷಸ ಎಂದು ಬೈದು, ತನ್ನ ಅಪ್ಪನ ಹೆಸರು ಹೇಳುತ್ತಾನೆ. ಅವನು ವಿಕ್ಟರನ ತಮ್ಮ ವಿಲಿಯಂ. ಕತ್ತು ಹಿಸುಕುತ್ತದೆ.

‘ಜೀವಿ ಹುಡುಕ್ತಾ ಇದ್ದದ್ದು ಹೆದರದ ಮಗುವನ್ನ. ಪುಸ್ತಕದಲ್ಲಿ ಸಿಗಲೇ ಇಲ್ಲ. ಸಿನಿಮಾದಲ್ಲಿ ಸಿಕ್ಕಿತು, ಮರಿಯಾ. ಹೊಳೆಯ ಹುಡುಗಿ, ಕತ್ತು ಹಿಸುಕಿಸಿಕೊಂಡ ಹುಡುಗ ಇಬ್ಬರನ್ನೂ ಸೇರಿಸಿ ಒಬ್ಬಳನ್ನ ಮಾಡಿದ್ದಾರೆ. ಹೆದರದವಳು ಸಿಕ್ಕಿದ್ರೂ ಉಳಿಯಲಿಲ್ಲ ಅನ್ನೋದು ಸಿನಿಮಾ. ಆದ್ರೆ ಹಾಗೆ ಮಾಡಿದಾಗ ಗುಂಡು ಹೊಡೆದವನು ಬಿಟ್ಟುಹೋದ, ಅಲ್ವಾ? ಮನುಷ್ಯರ ತಪ್ಪು ಕಡಿಮೆ ಆಯ್ತು.’

ನಾನು ಕಾಫಿ ಲೋಟ ಹಿಡಿದುಕೊಂಡು ಸುಮ್ಮನಾದೆ. ಫ್ರಿಟ್ಜ್ ಪಂಜು ಹಿಡಿದು, ಚಾಟಿ ಹಿಡಿದು ಹಿಂಸೆ ಕೊಡುವುದಿಲ್ಲವೇ, ಅದು ಮನುಷ್ಯರ ತಪ್ಪಲ್ಲವೇ ಎಂದು ಆಮೇಲೆ ಹೊಳೆಯಿತು. ಹೇಳಿದೆ. ‘ಫ್ರಿಟ್ಜ್ ಒಬ್ಬ ಕೆಟ್ಟವನು. ಕೋವಿಯವನು ಕೆಟ್ಟವನಲ್ಲ, ಮಗು ಉಳಿಸಿಕೊಳ್ಳೋಕೆ ಬಂದವನು. ಅದೇ ಹೆದರಿಕೆ’ ಅಂದಳು.

ಬರೆಯಲು ಕೂತಾಗ

ಇದನ್ನೆಲ್ಲ ಮಾಡಿದ ಮೇಲೆ ಬರೆಯುವುದು ಕಷ್ಟವಲ್ಲ. ಮೊದಲ ಸಾಲಿನಲ್ಲೇ ನಿಮ್ಮ ಮಾತು ಇರಲಿ, ಲೇಖಕಿಯ ಜನ್ಮವೃತ್ತಾಂತ ಬೇಡ. ‘ಹೋಲಿಕೆಗಳು’, ‘ವ್ಯತ್ಯಾಸಗಳು’ ಎಂದು ಎರಡು ಖಾನೆ ಹಾಕಬೇಡಿ. ಒಂದು ದೃಶ್ಯ ಹಿಡಿದು ಪುಸ್ತಕ, ಸಿನಿಮಾ, ಮತ್ತೆ ಪುಸ್ತಕ ಎಂದು ಹೋಗಿಬನ್ನಿ. ಪ್ರತಿ ಪ್ಯಾರಾದ ಕೊನೆಗೂ ಆ ಮೇಷ್ಟ್ರ ಕೆಂಪು ಬಾಲ್‌ಪೆನ್ನಿನ ಪದವನ್ನು ನೀವೇ ಬರೆದು ನೋಡಿ. ಉತ್ತರ ಸಿಗದ ಪ್ಯಾರಾ ಕಿತ್ತುಹಾಕಿ. ‘ಪುಸ್ತಕವೇ ಮೇಲು’ ಅನ್ನುವುದನ್ನು ನಾವು ಕಾದಂಬರಿ ಸಿನಿಮಾ ಆದಾಗಲೆಲ್ಲ ಕೇಳುತ್ತೇವೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಗಿರೀಶ ಕಾರ್ನಾಡರು 1999ರಲ್ಲಿ ತೆರೆಗೆ ತಂದಾಗ ನನ್ನ ಅಂಗಡಿಯ ಬೆಂಚಿನ ಮೇಲೂ ಕೇಳಿದ್ದೇನೆ, ಹೇಳಿದವರಲ್ಲಿ ಪುಸ್ತಕ ಓದಿದವರು ಇಬ್ಬರು. ಯಾವುದರಲ್ಲಿ ಮೇಲು, ಯಾವ ಪುಟದಲ್ಲಿ, ಯಾವ ನಿಮಿಷದಲ್ಲಿ ಎಂದು ಹೇಳಲು ಆಗದಿದ್ದರೆ ಆ ಮಾತು ಬೇಡ.

1935ರಲ್ಲಿ ಅದೇ ವೇಲ್ ಇದರ ಮುಂದಿನ ಭಾಗ ಮಾಡಿದ್ದಾನೆ. ಅದರಲ್ಲಿ ಕುರುಡು ಮುದುಕ ಬರುತ್ತಾನೆ, ಜೀವಿ ನಾಲ್ಕು ಮಾತು ಕಲಿಯುತ್ತದೆ, ಜೊತೆಯನ್ನೂ ಕೇಳುತ್ತದೆ. ಮೊದಲ ಸಿನಿಮಾ ಬಿಟ್ಟುಹೋದದ್ದನ್ನು ಎರಡನೆಯದು ವಾಪಸ್ ಹೋಗಿ ಎತ್ತಿಕೊಂಡು ಬಂದ ಹಾಗೆ. ಅದನ್ನು ಈ ಲೆಕ್ಕಕ್ಕೆ ಸೇರಿಸಿಕೊಂಡರೆ ಎಲ್ಲ ಕಲಸಿಹೋಗುತ್ತದೆ. ಬರೆದು ಮುಗಿಸಿ ಆಮೇಲೆ ನೋಡಿ.

ಸೋಮವಾರ ಬೆಳಗಿನ ಬಸ್ಸಿಗೆ ಅವಳು ಹೊರಟಾಗ ಹಾಳೆಗಳನ್ನು ಈ ಸಲ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಕೊಟ್ಟೆ. ಕೋವಿಯವನ ಬಗ್ಗೆಯೇ ಎರಡು ಪುಟ ಬರೆದಿದ್ದಾಳೆ. ಅಪ್ಪನ ಆ ನಡಿಗೆಯ ಬಗ್ಗೆ ನಾನು ಹೇಳಿದ್ದು ಒಂದು ಸಾಲೂ ಇಲ್ಲ. ಬಸ್ಸು ಕುರುವಳ್ಳಿ ದಾಟುವ ಹೊತ್ತಿಗೆ ಫೋನ್ ಮಾಡಿ, ‘ಅಪ್ಪನ್ನ ಹಾಕಬಹುದಿತ್ತು ಕಣೆ’ ಅಂದೆ. ‘ಅದು ನೀವು ಬರೀರಿ ಮಾವ’ ಅಂದಳು.